ಮಾತಾಡುವ ಸಾಧನ: ಆಯ್ಕೆ ಬಳಸುವವರದ್ದಾಗಲಿ

ಮಾನ್ಯರೇ,

ಕಣ್ಣು ಹೊರಳಿಸಿದರೆ ಸಾಕು, ನಮ್ಮ ಪರವಾಗಿ ಮಾತಾಡುವ ಕಂಪ್ಯೂಟರ್ ಬಂದಿದೆ ಎಂಬಂಥ ಸುದ್ದಿಗಳನ್ನು ಆಗಾಗ ಓದುತ್ತೇವೆ. ಸುದ್ದಿ ನಿಜವೇ. ಆದರೆ ಆ ಯಂತ್ರ ಮನೆಗೆ ಬಂದಮೇಲೆ ಏನಾಯಿತು ಎಂದು ಯಾರೂ ಬರೆಯುವುದಿಲ್ಲ. ಎಷ್ಟೋ ಕಡೆ ಅದು ಕಪಾಟು ಸೇರಿರುತ್ತದೆ. ಮಾತು ಕಳೆದುಕೊಂಡ ವಯಸ್ಕರೊಂದಿಗೆ ಕೆಲಸ ಮಾಡುವ ವಾಕ್ ಚಿಕಿತ್ಸಕಿ ನಾನು. ಯಂತ್ರ ಕೆಟ್ಟು ಮೂಲೆ ಸೇರಿದ್ದು ಕಡಿಮೆ, ಅದನ್ನು ಬೇರೆಯವರು ಆರಿಸಿದ್ದರಿಂದ ಮೂಲೆ ಸೇರಿದ್ದೇ ಹೆಚ್ಚು.

ಆಯ್ಕೆಯ ದಿನ ಕೋಣೆಯಲ್ಲಿ ವೈದ್ಯರು, ಮಕ್ಕಳು, ಮಾರಾಟಗಾರ ಎಲ್ಲರೂ ಮಾತಾಡುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತವರ ಎದುರಿಗೇ 'ಇವರಿಗೆ ಇದು ತಿಳಿಯುತ್ತಾ?' ಎಂಬ ಪ್ರಶ್ನೆ ಬರುತ್ತದೆ. ಅವರನ್ನು ಕೇಳುವವರಿಲ್ಲ.

ಎಲ್ಲರಿಗೂ ಒಂದೇ ಸಾಧನ ಹೊಂದುವುದಿಲ್ಲ. ನರಗಳ ಕಾಯಿಲೆಯಿಂದ ಕೈ, ನಾಲಿಗೆ ಸೋತರೂ ಅಕ್ಷರಜ್ಞಾನ ಉಳಿದವರಿಗೆ ಕಣ್ಣಿನಿಂದ ನಡೆಯುವ ಯಂತ್ರ ವರವಾಗಬಹುದು. ಅಂಥವರು ಮಾತು ಪೂರ್ತಿ ನಿಲ್ಲುವ ಮೊದಲೇ ತಮ್ಮ ದನಿಯನ್ನು ರೆಕಾರ್ಡ್ ಮಾಡಿಟ್ಟರೆ ಮುಂದೆ ಯಂತ್ರವೂ ಹೆಚ್ಚುಕಡಿಮೆ ಅದೇ ದನಿಯಲ್ಲಿ ನುಡಿಯುತ್ತದೆ. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಅಕ್ಷರ ಜೋಡಿಸುವುದೇ ಕಷ್ಟ. ಅವರ ಮುಂದೆ ಅಕ್ಷರಗಳ ಫಲಕ ಹಿಡಿದು ಏನು ಪ್ರಯೋಜನ? ಫೋಟೊ, ಚಿತ್ರ, ಕೈಸನ್ನೆ ಬೇಕು. ಇನ್ನು ಬಿಸಿಲಿನಲ್ಲಿ ಕಣ್ಣಿನ ಯಂತ್ರ ತಡವರಿಸುತ್ತದೆ, ಸ್ನಾನದ ಮನೆಗೆ ಅದನ್ನು ಒಯ್ಯಲಾಗದು. ಅಲ್ಲಿ ಕೆಲಸಕ್ಕೆ ಬರುವುದು ಪಾರದರ್ಶಕ ಹಾಳೆಯ ಮೇಲೆ ಬರೆದ ಅಕ್ಷರಗಳು. ಹಾಳೆಯ ಆಚೆ ಕುಳಿತವರು ಈಚೆಯವರ ನೋಟ ಎಲ್ಲಿ ನಿಂತಿತೆಂದು ನೋಡಿ ಅಕ್ಷರ ಓದುತ್ತಾರೆ. ಚಾರ್ಜಿಂಗ್ ಬೇಡ, ರಿಪೇರಿ ಬೇಡ.

ಸ್ಟೀಫನ್ ಹಾಕಿಂಗ್ 1985ರಲ್ಲಿ ಗಂಟಲ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡಾಗ ಮೊದಲು ಬಳಸಿದ್ದೂ ಅಕ್ಷರದ ಕಾರ್ಡನ್ನೇ. ಎದುರಿದ್ದವರು ಸರಿಯಾದ ಅಕ್ಷರಕ್ಕೆ ಬೆರಳಿಟ್ಟಾಗ ಹಾಕಿಂಗ್ ಹುಬ್ಬೇರಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ನಡೆಸಲು ಕೈಯ ಸ್ವಿಚ್ ಬಂತು, ಕೈ ಸೋತಾಗ ಕೆನ್ನೆಯ ಸ್ನಾಯು. ಇಂಪಾದ ಹೊಸ ದನಿಗಳು ಸಿಕ್ಕರೂ ಹಳೆಯ ಯಾಂತ್ರಿಕ ದನಿಯನ್ನು ಬಿಡಲಿಲ್ಲ. ಅದು ಅವರ ಇಷ್ಟ.

ಪದಗಳ ಆಯ್ಕೆಯೂ ಅಷ್ಟೇ ಮುಖ್ಯ. ಸಿದ್ಧ ಫಲಕಗಳಲ್ಲಿ ನೀರು, ಊಟ, ನೋವು, ಶೌಚ ಇಷ್ಟೇ ಇರುತ್ತವೆ. ವಯಸ್ಸಾದ ಮನುಷ್ಯನಿಗೆ 'ನನ್ನ ಬ್ಯಾಂಕ್ ಪುಸ್ತಕ ಎಲ್ಲಿ?', 'ಈ ಔಷಧ ಬೇಡ', 'ಅವನನ್ನು ಒಳಗೆ ಬಿಡಬೇಡಿ' ಎನ್ನುವುದಿರುತ್ತದೆ. ಹಿರಿಯರೊಬ್ಬರು ಹಟ ಹಿಡಿದು ಫಲಕಕ್ಕೆ ಒಂದು ಬೈಗುಳ ಸೇರಿಸಿಕೊಂಡರು. ಮನೆಯವರಿಗೆ ಮುಜುಗರ. ಮೊದಲು ಅದನ್ನು ಪ್ರಯೋಗಿಸಿದ್ದು ನನ್ನ ಮೇಲೆಯೇ, ಮತ್ತು ಕಾರಣವಿತ್ತು: ಅವರ ವಾಕ್ಯವನ್ನು ನಾನೇ ಮುಗಿಸಲು ಹೊರಟಿದ್ದೆ.

ಸಾಮಾನ್ಯವಾಗಿ ನಾವು ನಿಮಿಷಕ್ಕೆ 150ರ ಆಸುಪಾಸು ಪದ ಆಡುತ್ತೇವೆ. ಅಕ್ಷರ ಹೆಕ್ಕಿ ಮಾತಾಡುವವರಿಗೆ ಹತ್ತು ಪದ ದಾಟುವುದೂ ಕಷ್ಟ. ಕಾಯುವ ವ್ಯವಧಾನವನ್ನು ಯಂತ್ರದ ಜೊತೆ ಕೊಡುವುದಿಲ್ಲ. ಮನೆಯವರಿಗೂ ದಾದಿಯರಿಗೂ ಅದರಲ್ಲಿ ತರಬೇತಿ ಬೇಕು.

ಒಂದು ಎಚ್ಚರಿಕೆ. ಬೇರೊಬ್ಬರು ಕೈ ಹಿಡಿದು ಟೈಪ್ ಮಾಡಿಸುವ ವಿಧಾನವನ್ನು ಬಳಸಬಾರದೆಂದು ಅಮೆರಿಕದ ವಾಕ್-ಭಾಷೆ-ಶ್ರವಣ ತಜ್ಞರ ಸಂಘ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಮೂಡುವುದು ಕೈ ಹಿಡಿದವರ ಮಾತು.

ತಾವೇ ಆರಿಸಿಕೊಂಡ ಸಂವಹನ ವಿಧಾನದಲ್ಲಿ ಅಭಿಪ್ರಾಯ ತಿಳಿಸುವ ಹಕ್ಕನ್ನು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರಲ್ಲೇ ಮಾನ್ಯ ಮಾಡಿದೆ. ಹಾಗಾಗಿ ಸಾಧನ ಒದಗಿಸುವವರಲ್ಲಿ ನನ್ನ ಕೋರಿಕೆ: ಕೊಳ್ಳುವ ಮೊದಲು ಕೆಲವು ವಾರ ಮನೆಯಲ್ಲಿ ಬಳಸಿ ನೋಡಲು ಕೊಡಿ, 'ಬೇಡ' ಎಂದರೆ ವಾಪಸ್ ಪಡೆಯಿರಿ. ಆಸ್ಪತ್ರೆಗಳು ಇವತ್ತೇ ಮಾಡಬಹುದಾದದ್ದೂ ಒಂದಿದೆ. ಈ ವ್ಯಕ್ತಿ 'ಹೌದು', 'ಅಲ್ಲ' ಎಂದು ಹೇಗೆ ತಿಳಿಸುತ್ತಾರೆ ಎಂಬುದನ್ನು ಹಾಸಿಗೆಯ ತಲೆಗಡೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

– ಒಬ್ಬ ವಾಕ್ ಚಿಕಿತ್ಸಕಿ