ಭಾನುವಾರದ ಮಾತುಕತೆ: ಜೊಸೊನ್ ಅಣ್ಣತಮ್ಮಂದಿರ ಜಗಳ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ. ಲಿಂಕ್ ಅವತ್ತು ಬೆಳಿಗ್ಗೆ ಇಲ್ಲೇ ಹಾಕುತ್ತೇನೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ: 1392ರಲ್ಲಿ ಕೊರಿಯಾದ ಜೊಸೊನ್ ರಾಜ್ಯ ಕಟ್ಟಿದ ಯಿ ಸೊಂಗ್-ಗ್ಯೆ, ದೊಡ್ಡ ಮಕ್ಕಳನ್ನೆಲ್ಲ ಬಿಟ್ಟು ಎರಡನೇ ಹೆಂಡತಿಯ ಕಿರಿಮಗ ಬಾಂಗ್-ಸೊಕ್‌ನನ್ನು ಯುವರಾಜ ಮಾಡಿದ. ಹುಡುಗನಿಗೆ ಆಗ ಹತ್ತರ ಆಸುಪಾಸು! ಐದನೇ ಮಗ ಬಾಂಗ್-ವೊನ್ ಸುಮ್ನೆ ಕೂರುತ್ತಾನಾ? 1398ರಲ್ಲಿ ಯುವರಾಜನನ್ನೂ ಮಂತ್ರಿ ಜೊಂಗ್ ದೊ-ಜೊನ್‌ನನ್ನೂ ಕೊಲ್ಲಿಸಿದ. ಆದರೆ ತಕ್ಷಣ ಗದ್ದುಗೆ ಏರಲಿಲ್ಲ. ಮೊದಲು ಅಣ್ಣನನ್ನು ಕೂರಿಸಿ, 1400ರಲ್ಲಿ ತಾನು ರಾಜನಾದ. ಯಾಕೆ ಹಾಗೆ? ಜಾಸ್ತಿ ಹೊತ್ತು ಇದನ್ನೇ ಮಾತಾಡೋಣ.

ಅಣ್ಣತಮ್ಮಂದಿರ ಹೆಸರೆಲ್ಲ 'ಬಾಂಗ್' ಅಂತಲೇ ಶುರು, ತಲೆ ಕೆಡುತ್ತದೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬರುವವರು ಶುಕ್ರವಾರದೊಳಗೆ ಇಲ್ಲಿ 'ಹೂಂ' ಅಂತ ಹಾಕಿ.