ತೆಗೆದ ನೈಟ್ರೇಟ್ ಎಲ್ಲಿಗೆ ಹೋಗುತ್ತದೆ? ಕುಡಿಯುವ ನೀರಿನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನನ್ನ ಮಗುವಿಗೆ ಮೂರು ತಿಂಗಳಾಗಿದ್ದಾಗ ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಅದರಲ್ಲೇ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದೆ. ಜಾಸ್ತಿ ಕುದಿಸಿದಷ್ಟೂ ಒಳ್ಳೆಯದು ಅಂತ ನಂಬಿದ್ದೆ. ಆಮೇಲೆ ನೀರಿನ ಪರೀಕ್ಷೆಯ ವರದಿ ಬಂತು. ಗೊಬ್ಬರ, ಶೌಚದ ಗುಂಡಿ, ತಿಪ್ಪೆಗಳಿಂದ ಇಂಗಿ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣ ಮಿತಿ ಮೀರಿತ್ತು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ ಎಂದು ಆಗಲೇ ನನಗೆ ತಿಳಿದದ್ದು. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ವರದಿ ಓದಿದ ರಾತ್ರಿ ನಾನು ಮಲಗಲಿಲ್ಲ.

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಳೆಗೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಎಂಬ ಬೇರೆ ವಸ್ತುವಾಗಿ ರಕ್ತಕ್ಕೆ ಸೇರಿದರೆ, ರಕ್ತ ಆಮ್ಲಜನಕ ಹೊರುವುದನ್ನೇ ಕಡಿಮೆ ಮಾಡುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಬಾವಿ ನೀರಿಗೂ ಈ ಕಾಯಿಲೆಗೂ ಇರುವ ನಂಟನ್ನು 1945ರಲ್ಲೇ ಬರೆದಿಟ್ಟರು. ಲೀಟರಿಗೆ 50 ಮಿಲಿಗ್ರಾಂ ದಾಟಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮುಖ್ಯವಾಗಿ ಇಂಥ ಕೂಸುಗಳನ್ನು ನೆನೆದೇ ಇಟ್ಟದ್ದು.

ನೈಟ್ರೇಟ್ ತೆಗೆಯುವ ಘಟಕ ಹಾಕಿಸುವ ಮಾತು ಬಂದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಅದರ ಜೊತೆಗೇ ಒಂದು ಪ್ರಶ್ನೆ ಕೇಳಬೇಕು. ತೆಗೆದ ನೈಟ್ರೇಟ್ ಎಲ್ಲಿಗೆ ಹೋಗುತ್ತದೆ?

ಆರ್‌ಒ ಯಂತ್ರ ನೈಟ್ರೇಟನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೇ. ಒಂದು ಕೊಳವೆಯಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಮೊದಲಿಗಿಂತ ಹೆಚ್ಚು ನೈಟ್ರೇಟ್ ತುಂಬಿದ ನೀರು. ಆ ಎರಡನೇ ಕೊಳವೆಯನ್ನು ಘಟಕದ ಹಿಂದಿನ ಚರಂಡಿಗೆ ಬಿಟ್ಟರೆ ಅದು ಮತ್ತೆ ನೆಲಕ್ಕೆ ಇಂಗಿ ಅದೇ ಬೋರ್‌ವೆಲ್‌ಗೆ ಬರುತ್ತದೆ, ಅಲ್ವಾ? ಅಯಾನು ವಿನಿಮಯದ ಘಟಕದಲ್ಲೂ ಇದೇ ಕಥೆ. ಅದರಲ್ಲಿ ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನ ಮಣಿಗಳು ನೈಟ್ರೇಟ್ ಹಿಡಿದುಕೊಂಡು ಕ್ಲೋರೈಡ್ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪುನೀರಿನಿಂದ ತೊಳೆಯಬೇಕು. ತೊಳೆದ ನೀರಿನಲ್ಲಿ ಉಪ್ಪೂ ಇರುತ್ತದೆ, ನೈಟ್ರೇಟೂ ಇರುತ್ತದೆ. ನೀರಿನಲ್ಲಿ ಸಲ್ಫೇಟ್ ಎಂಬ ಇನ್ನೊಂದು ಲವಣ ಜಾಸ್ತಿ ಇದ್ದರೆ ಸಾಮಾನ್ಯ ರೆಸಿನ್ ಅದನ್ನೇ ಮೊದಲು ಹಿಡಿಯುತ್ತದೆ. ಸಕಾಲಕ್ಕೆ ತೊಳೆಯದಿದ್ದರೆ, ಸಲ್ಫೇಟಿಗೆ ಜಾಗ ಮಾಡಿಕೊಡಲು, ಹಿಡಿದಿಟ್ಟ ನೈಟ್ರೇಟನ್ನು ಒಮ್ಮೆಲೇ ನಲ್ಲಿಗೆ ಬಿಟ್ಟುಬಿಡುತ್ತದೆ. ಇದು ನನ್ನನ್ನು ತುಂಬ ಹೆದರಿಸುವ ವಿಷಯ. ಘಟಕ ಇದೆ ಎಂಬ ಧೈರ್ಯದಲ್ಲಿ ತಾಯಂದಿರು ಆ ದಿನದ ನೀರನ್ನೂ ಮಗುವಿಗೆ ಕೊಟ್ಟಿರುತ್ತಾರೆ.

ನೈಟ್ರೇಟನ್ನು ನಿಜಕ್ಕೂ ಇಲ್ಲವಾಗಿಸುವವು ಬ್ಯಾಕ್ಟೀರಿಯಾಗಳು. ಆಮ್ಲಜನಕ ಇಲ್ಲದ ಕಡೆ, ಅಸಿಟಿಕ್ ಆಮ್ಲದಂಥ ಇಂಗಾಲದ ಆಹಾರ ಕೊಟ್ಟರೆ, ಅವು ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾಡಿ ಗಾಳಿಗೆ ಬಿಡುತ್ತವೆ. ಆದರೆ ಕೆಲಸ ಅರ್ಧಕ್ಕೆ ನಿಂತರೆ ನೈಟ್ರೈಟ್ ಉಳಿಯುತ್ತದೆ. ಆಮೇಲೆ ಸೋಸಬೇಕು, ಕ್ಲೋರಿನ್ ಹಾಕಬೇಕು. ದಿನವೂ ನೋಡಿಕೊಳ್ಳುವ, ಕೆಲಸ ಗೊತ್ತಿರುವ ಜನ ಬೇಕು. ಸುಮ್ನೆ ಬೀಗ ಹಾಕಿ ಹೋಗುವ ಘಟಕ ಅದಲ್ಲ.

ಅಯೋವಾದ ಡೆ ಮೊಯ್ನ್ ನಗರ 1990ರ ದಶಕದ ಆರಂಭದಿಂದಲೂ ದೊಡ್ಡದೊಂದು ನೈಟ್ರೇಟ್ ಘಟಕ ನಡೆಸುತ್ತಿದೆ. ಆದರೂ 2025ರ ಜೂನ್‌ನಲ್ಲಿ ನದಿಯಲ್ಲಿ ನೈಟ್ರೇಟ್ ಏರಿದಾಗ, ಶುದ್ಧ ಮಾಡಬೇಕಾದ ನೀರು ಕಡಿಮೆಯಾಗಲೆಂದು ಆ ಭಾಗದಲ್ಲಿ ಹುಲ್ಲುಹಾಸಿಗೆ ನೀರು ಬಿಡುವುದನ್ನೇ ನಿಷೇಧಿಸಬೇಕಾಯಿತು. ಜರ್ಮನಿಯ ಮ್ಯೂನಿಕ್ ಬೇರೆ ದಾರಿ ಹಿಡಿಯಿತು. ತನಗೆ ನೀರು ಕೊಡುವ ಮಾಂಗ್‌ಫಾಲ್ ಕಣಿವೆಯ ರೈತರು ಸಾವಯವ ಬೇಸಾಯಕ್ಕೆ ಬರಲೆಂದು 1990ರ ದಶಕದಿಂದಲೇ ಹಣ ಕೊಡುತ್ತಾ ಬಂದಿದೆ. ರೈತರನ್ನು ಬೈಯಲಿಲ್ಲ, ಜೊತೆಗೆ ಕರೆದುಕೊಂಡಿತು. ಇದು ನನಗೆ ತುಂಬ ಇಷ್ಟವಾದ ಮಾತು. ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಬೆಳೆ ಬಳಸದೆ ಬಿಟ್ಟದ್ದು, ಸೋರುವ ಶೌಚದ ಗುಂಡಿ, ಕೊಟ್ಟಿಗೆಯ ತಿಪ್ಪೆ, ಇವು ಹಾಗೇ ಇದ್ದರೆ ಘಟಕಕ್ಕೆ ಕೆಲಸ ಎಂದೂ ಮುಗಿಯುವುದಿಲ್ಲ.

ಅದಕ್ಕೆ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಟೆಂಡರ್ ಕರೆಯುವ ಮೊದಲೇ, ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆಂದು ಬರೆದುಕೊಡದ ಯೋಜನೆಗೆ ಸಹಿ ಹಾಕಬೇಡಿ. ಸಲ್ಫೇಟ್ ಅಳೆಯದೆ ರೆಸಿನ್ ಆರಿಸಬೇಡಿ. ಘಟಕದಿಂದ ಹೊರಬರುವ ನೀರನ್ನು ತಪ್ಪದೆ ಪರೀಕ್ಷಿಸಿ, ಫಲಿತಾಂಶವನ್ನು ನಲ್ಲಿಯ ಪಕ್ಕದಲ್ಲೇ ಬರೆಸಿ. ಇವೆಲ್ಲ ಆಗಲು ಸಮಯ ಬೇಕೆಂದು ನನಗೂ ಗೊತ್ತು. ಅಲ್ಲಿಯವರೆಗೆ ನೈಟ್ರೇಟ್ ಜಾಸ್ತಿ ಇರುವ ಪ್ರತಿ ಬೋರ್‌ವೆಲ್ ಮುಂದೆ ಒಂದು ಫಲಕ ಹಾಕಿಸಿ: ‘ಈ ನೀರನ್ನು ಕುದಿಸಿದರೂ ಹಸುಗೂಸಿಗೆ ಕೊಡಬೇಡಿ.’ ಹತ್ತಿರದಲ್ಲಿ ಒಳ್ಳೆಯ ನೀರು ಎಲ್ಲಿ ಸಿಗುತ್ತದೆ ಎಂಬುದನ್ನೂ ಅದರಲ್ಲೇ ಬರೆಸಿ. ಇದನ್ನು ಈ ವಾರವೇ ಮಾಡಬಹುದು.

ಇಂತಿ,
ಒಂದು ಮಗುವಿನ ತಾಯಿ