ಸಾವಿನ ಮರುತಿಂಗಳ ಕಂತು

ಮಾನ್ಯ ಸಂಪಾದಕರೇ,

ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ನಮ್ಮಿಬ್ಬರ ಹೆಸರಿನಲ್ಲಿದ್ದ ಮನೆ ಸಾಲದ ಕಂತು ಮೊದಲಿನಿಂದಲೂ ಅವಳ ಖಾತೆಯಿಂದಲೇ ಕಡಿತವಾಗುತ್ತಿತ್ತು. ಮನೆಯ ಲೆಕ್ಕಪತ್ರವೆಲ್ಲ ಅವಳದೇ ಆದ್ದರಿಂದ ನಾನು ಆ ಕಡೆ ತಲೆ ಹಾಕಿದವನಲ್ಲ. ಅವಳು ಹೋದ ಮೂರನೆಯ ವಾರ ಮರಣ ಪ್ರಮಾಣಪತ್ರವನ್ನು ಬ್ಯಾಂಕಿಗೆ ಒಪ್ಪಿಸಿದೆ. ಆ ಕೆಲಸವೇ ನನಗೆ ಮುಳುವಾಯಿತು. ಪತ್ರ ಕೈಸೇರಿದ ದಿನವೇ ನಿಯಮದ ಪ್ರಕಾರ ಅವಳ ಖಾತೆಯನ್ನು ಸ್ಥಗಿತಗೊಳಿಸಿದರು. ವರ್ಷದ ಕಂತಿಗೆ ಸಾಲುವಷ್ಟು ಹಣ ಅದರಲ್ಲಿದ್ದರೂ ಮುಂದಿನ ಕಂತು ಕಡಿತವಾಗದೆ ಹಿಂದಿರುಗಿತು. ಅದರ ಮುಂದಿನ ತಿಂಗಳೂ ಹಾಗೆಯೇ ಆಯಿತು. ಬಾಕಿಯ ಸೂಚನೆಗಳೆಲ್ಲ ಹೋಗುತ್ತಿದ್ದುದು ಅವಳ ಮೊಬೈಲಿಗೆ. ಅದು ಕಪಾಟಿನ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದ ಹಾಗೆಯೇ ಇತ್ತು. ಆಗಾಗ ಪರದೆ ಬೆಳಗಿ ಆರುತ್ತಿತ್ತು. ಅದನ್ನು ತೆರೆಯುವ ಸಂಖ್ಯೆ ನನಗೆ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಆಫ್ ಮಾಡಲು ಮನಸ್ಸೂ ಬಂದಿರಲಿಲ್ಲ. ನಾಲ್ಕನೆಯ ತಿಂಗಳು ವಸೂಲಿ ವಿಭಾಗದವರು ನನ್ನ ಸಂಖ್ಯೆ ಹುಡುಕಿ ಕರೆ ಮಾಡಿದಾಗಲೇ ವಿಷಯ ತಿಳಿದದ್ದು. ಬಾಕಿಯನ್ನು ಅಂದೇ ತೀರಿಸಿದೆ. ಆದರೆ ಸಹಸಾಲಗಾರನಾದ ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ನಂಬಿಕೆಯನ್ನು ಅಳೆಯುವ ಅಂಕ, ಅಷ್ಟರೊಳಗೆ 100ಕ್ಕೂ ಹೆಚ್ಚು ಅಂಕ ಕುಸಿದಾಗಿತ್ತು.

ಸಾಲ ಮನ್ನಾ ಮಾಡಬೇಕೆಂದು ನಾನು ಕೇಳುತ್ತಿಲ್ಲ. ಸಹಿ ಹಾಕಿದವನು ತೀರಿಸಬೇಕು, ತೀರಿಸುತ್ತಿದ್ದೇನೆ. ನನ್ನ ಆಕ್ಷೇಪವಿರುವುದು, ಹಣವಿದ್ದೂ ಕಟ್ಟದವನು ಎಂಬ ಗುರುತನ್ನು ನನ್ನ ಹೆಸರಿನ ಮುಂದೆ ಬರೆದುದರ ಬಗ್ಗೆ. ಅದೂ ಆ ಹಣವನ್ನು ತಡೆಹಿಡಿದ ಸಂಸ್ಥೆಯೇ ಬರೆದುದರ ಬಗ್ಗೆ.

ಮನೆಯಲ್ಲಿ ಸಾವಾದಾಗ ಉಳಿದವರಿಗೆ ಯೋಚಿಸಲು ಸಮಯ ಬೇಕೆಂಬುದನ್ನು ಕಾನೂನುಗಳು ಎಂದೋ ಒಪ್ಪಿಕೊಂಡಿವೆ. ಮೃತರ ಆಸ್ತಿಯನ್ನೂ ಅದರೊಂದಿಗೆ ಬರುವ ಸಾಲವನ್ನೂ ಬೇಡವೆನ್ನಲು ಜರ್ಮನಿಯಲ್ಲಿ ವಾರಸುದಾರರಿಗೆ ಸಾಮಾನ್ಯವಾಗಿ 6 ವಾರಗಳ ಅವಕಾಶವಿದೆ, ಜಪಾನಿನಲ್ಲಿ 3 ತಿಂಗಳು. ಫ್ರಾನ್ಸಿನಲ್ಲಿ ಮೊದಲ 4 ತಿಂಗಳು ನಿರ್ಧಾರ ಹೇಳೆಂದು ಯಾರೂ ವಾರಸುದಾರನನ್ನು ಒತ್ತಾಯಿಸುವಂತಿಲ್ಲ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೆಯ ಕಲಮು, ಮೃತರ ಆಸ್ತಿ ಎಷ್ಟು ಕೈಗೆ ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರನ್ನು ಹೊಣೆ ಮಾಡುತ್ತದೆ. ಆದರೆ ಜಂಟಿ ಸಾಲಕ್ಕೆ ಸಹಿ ಹಾಕಿದ ಗಂಡನಿಗೋ ಹೆಂಡತಿಗೋ ಈ ಯಾವ ಸಮಾಧಾನವೂ ಸಿಗುವುದಿಲ್ಲ, ಏಕೆಂದರೆ ಅಲ್ಲಿ ನಾವು ವಾರಸುದಾರರಲ್ಲ, ಸಾಲಗಾರರೇ. ಕಂತು 30 ದಿನ ತಡವಾದರೆ ಸಾಕು, ಕಂಪ್ಯೂಟರ್ ತನ್ನ ಪಾಡಿಗೆ ತಾನು ಗುರುತು ಹಾಕಿ, ಪ್ರತಿಯೊಬ್ಬರ ಸಾಲದ ಇತಿಹಾಸವನ್ನು ವರದಿಯಾಗಿ ಇಟ್ಟುಕೊಳ್ಳುವ ಕ್ರೆಡಿಟ್ ಸಂಸ್ಥೆಗಳಿಗೆ ಕಳುಹಿಸಿಬಿಡುತ್ತದೆ. ಆ ಗುರುತು ಅಮೆರಿಕದಲ್ಲಿ 7 ವರ್ಷ, ಬ್ರಿಟನ್ನಿನಲ್ಲಿ 6 ವರ್ಷ ವರದಿಯಲ್ಲಿ ಉಳಿಯಬಹುದು.

ವರದಿಗೆ ವಿವರಣೆ ಸೇರಿಸಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಹೌದು, ಅಮೆರಿಕದಲ್ಲಿ ಅದನ್ನು 100 ಪದಗಳಿಗೆ ಮಿತಿಗೊಳಿಸಬಹುದು, ಬ್ರಿಟನ್ನಿನಲ್ಲಿ 200 ಪದಗಳವರೆಗೆ ಬರೆಯಬಹುದು. ಹೆಂಡತಿಯ ಸಾವನ್ನು ನೂರು ಪದಗಳಲ್ಲಿ ಬರೆಯುವುದು ಕಷ್ಟವೇನಲ್ಲ, ಹತ್ತರಲ್ಲೂ ಬರೆಯಬಹುದು. ಆದರೆ ಅಂಕ ಲೆಕ್ಕ ಹಾಕುವ ಯಂತ್ರ ಅದನ್ನು ಓದುವುದಿಲ್ಲ.

ಈ ಎರಡು ವರ್ಷಗಳಲ್ಲಿ ಕಲಿತ ಒಂದೆರಡು ಸಂಗತಿಗಳನ್ನು, ಇದೇ ಸ್ಥಿತಿಯಲ್ಲಿರುವ ಓದುಗರಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ. ಮೃತರ ಸಾಲಗಳೆಲ್ಲ ಒಂದೇ ಬಗೆಯವಲ್ಲ. ಅವಳೊಬ್ಬಳ ಹೆಸರಿನಲ್ಲಿದ್ದ ಕ್ರೆಡಿಟ್ ಕಾರ್ಡಿನ ಬಾಕಿಗೂ ನನ್ನ ಸಹಿಯಿದ್ದ ಮನೆ ಸಾಲಕ್ಕೂ ಅಜಗಜಾಂತರವಿದೆ. ಮೊದಲನೆಯದು ಸಾಮಾನ್ಯವಾಗಿ ಅವಳು ಬಿಟ್ಟುಹೋದ ಆಸ್ತಿಯಿಂದ ತೀರಬೇಕಾದದ್ದು. ಅಮೆರಿಕದ ಕೆಲವು ರಾಜ್ಯಗಳಂತೆ ದಂಪತಿಯ ಆಸ್ತಿ ಮತ್ತು ಸಾಲಗಳನ್ನು ಒಂದೇ ಎಂದು ಎಣಿಸುವ ಕಡೆ ಮಾತ್ರ ಲೆಕ್ಕ ಬೇರೆಯಾದೀತು. ಆ ಕಾರ್ಡಿನ ಬಾಕಿಗಾಗಿ ಕರೆ ಮಾಡಿದ ಯುವಕನೊಬ್ಬ ಬಹಳ ಮೃದುವಾಗಿ, ‘ಮೇಡಂ ಹೆಸರು ಉಳಿಸೋಕಾದ್ರೂ ಸ್ವಲ್ಪ ಕಟ್ಟಿಬಿಡಿ ಸರ್’ ಎಂದ. ನಾನು ಕಟ್ಟಲು ಸಿದ್ಧನಾಗಿಯೇ ಇದ್ದೆ. ಪಕ್ಕದಲ್ಲಿದ್ದ ಮಗಳು ಫೋನ್ ಕಸಿದುಕೊಂಡು, ‘ನಮ್ಮ ಅಪ್ಪ ಇದಕ್ಕೆ ಸಹಸಾಲಗಾರರಾ, ಜಾಮೀನುದಾರರಾ, ಏನು ಅಂತ ಬರೆದು ಕಳಿಸಿ’ ಎಂದಳು. ಆ ಪತ್ರ ಬರಲೇ ಇಲ್ಲ. ಆದ್ದರಿಂದ ಯಾವ ಹೊಣೆಯ ಮೇಲೆ ಕೇಳುತ್ತಿದ್ದಾರೆಂಬುದು ಲಿಖಿತವಾಗಿ ಬರುವವರೆಗೆ ಹಣ ಕಟ್ಟುವುದಾಗಲಿ, ಕಟ್ಟುತ್ತೇನೆಂದು ಬರೆದುಕೊಡುವುದಾಗಲಿ ಬೇಡ. ಸಾಲದ ಜೊತೆಗೆ ವಿಮೆಯನ್ನೂ ಮಾಡಿಸಿದ್ದರೇ ಎಂಬುದನ್ನು ಹಳೆಯ ಕಾಗದಗಳಲ್ಲಿ ನೋಡಿ; ಬ್ಯಾಂಕಿನವರಾಗಿ ಅದನ್ನು ಹೇಳುತ್ತಾರೆಂದು ಕಾಯಬೇಡಿ. ಒಪ್ಪಂದ ಮಾಡಿಕೊಂಡು ಅರ್ಧಕ್ಕೆ ತೀರಿಸಿದ ಸಾಲ ವರದಿಯಲ್ಲಿ ಪೂರ್ತಿ ತೀರಿದ ಸಾಲದಂತೆ ಕಾಣುವುದಿಲ್ಲ ಎಂಬುದೂ ನೆನಪಿರಲಿ. ಮೃತರ ಹೆಸರಿನಲ್ಲಿ ಮೋಸಗಾರರು ಹೊಸ ಸಾಲ ಎತ್ತುವುದುಂಟಾದ್ದರಿಂದ, ಮರಣದ ವಿಷಯವನ್ನು ಕ್ರೆಡಿಟ್ ಸಂಸ್ಥೆಗಳಿಗೂ ತಿಳಿಸಬೇಕು.

ನನ್ನದು ಕುಸಿದ ಅಂಕದ ಕಷ್ಟ. ಅಂಕವೇ ಇಲ್ಲದವರ ಕಷ್ಟ ಇದಕ್ಕಿಂತ ದೊಡ್ಡದು, ಮತ್ತು ಅಂಥವರಲ್ಲಿ ಎಷ್ಟೋ ಮಂದಿ ಹೆಂಗಸರು. ಹತ್ತಾರು ವರ್ಷ ಗಂಡನ ಕಾರ್ಡಿನ ಮೇಲಿನ ಹೆಚ್ಚುವರಿ ಕಾರ್ಡನ್ನೇ ಬಳಸಿ, ಒಂದು ಬಿಲ್ಲನ್ನೂ ತಪ್ಪದೆ ಕಟ್ಟಿಸಿದ ಹೆಂಗಸಿಗೆ, ಗಂಡ ಹೋದ ಮೇಲೆ ಆ ಕಾರ್ಡೂ ಇಲ್ಲ, ತನ್ನ ಹೆಸರಿನ ಇತಿಹಾಸವೂ ಇಲ್ಲ. ಸಾಲ ಕೊಡುವಾಗ ವೈವಾಹಿಕ ಸ್ಥಿತಿಯನ್ನು ನೋಡಿ ಭೇದ ಮಾಡಬಾರದೆಂದು ಅಮೆರಿಕ 1974ರಲ್ಲಿ ಕಾನೂನು ಮಾಡಿತು, ದಂಪತಿ ಇಬ್ಬರೂ ಬಳಸುವ ಖಾತೆಯ ವಿವರ ಇಬ್ಬರ ಹೆಸರಿನಲ್ಲೂ ದಾಖಲಾಗಬೇಕೆಂಬ ನಿಯಮವೂ ಅದರ ಬೆನ್ನಿಗೇ ಬಂತು. ಅಂಥ ನಿಯಮವಿಲ್ಲದ ಕಡೆ ಸಣ್ಣದೊಂದು ಠೇವಣಿಯ ಮೇಲೆ ಸ್ವಂತ ಹೆಸರಿನಲ್ಲಿ ಕಾರ್ಡು ಪಡೆದು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ, ಅಂಕ ನಿಧಾನವಾಗಿ ಏರುತ್ತಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿನಿಂದ ಸಾಲದ ಸಂಕಟದಲ್ಲಿರುವವರು ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ವಸೂಲಿಯನ್ನೂ ಬಹುತೇಕ ಬಡ್ಡಿ, ದಂಡಗಳನ್ನೂ ತಡೆಹಿಡಿಯುವ ವ್ಯವಸ್ಥೆಯಿದೆ. ಮರಣ ಪ್ರಮಾಣಪತ್ರವನ್ನೇ ಅಂಥದೊಂದು ಅರ್ಜಿ ಎಂದು ಎಲ್ಲೆಡೆಯೂ ಏಕೆ ಪರಿಗಣಿಸಬಾರದು? 90 ದಿನಗಳ ಮಟ್ಟಿಗೆ ಕಂತು ತಡವಾದರೆ ಅದನ್ನು ಬಾಕಿ ಎನ್ನಲಿ, ಬಡ್ಡಿಯನ್ನೂ ಲೆಕ್ಕ ಹಾಕಿಕೊಳ್ಳಲಿ, ಸುಸ್ತಿ ಎಂದು ಮಾತ್ರ ವರದಿ ಮಾಡದಿರಲಿ. ಅದೂ ಆಗದಿದ್ದರೆ ಇನ್ನೂ ಚಿಕ್ಕದೊಂದು ಕೋರಿಕೆಯಿದೆ. ಪ್ರಮಾಣಪತ್ರ ಕೊಟ್ಟ ದಿನ ನನ್ನಿಂದ ತುಂಬಿಸಿಕೊಂಡ ನಮೂನೆಯಲ್ಲಿ ಮೃತರೊಂದಿಗಿನ ಸಂಬಂಧ, ನನ್ನ ವಿಳಾಸ, ಮಾದರಿ ಸಹಿ ಎಲ್ಲವನ್ನೂ ಕೇಳಿದ್ದರು. ಈ ಖಾತೆಯಿಂದ ಯಾವುದಾದರೂ ಸಾಲದ ಕಂತು ಹೋಗುತ್ತಿದೆಯೇ, ಇನ್ನು ಮುಂದೆ ಅದನ್ನು ಯಾವ ಖಾತೆಯಿಂದ ಕಡಿತ ಮಾಡಬೇಕು ಎಂಬ ಒಂದು ಸಾಲನ್ನು ಆ ನಮೂನೆಗೆ ಸೇರಿಸಲಿ.

ಇಂತಿ,
ಹೆಸರು ಪ್ರಕಟಿಸಬಾರದೆಂದು ಕೋರುವ ಒಬ್ಬ ಓದುಗ